ತಲೆ ಹಾವೇರಿಗೆ, ಗಂಟಲು ರಾಣೆಬೆನ್ನೂರಿಗೆ

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ವಾದಕ್ಕೆ ಮೊದಲು ಸಂಗತಿಗಳು.

೧. ನನ್ನ ಮಗ ಸುಶ್ರುತನಿಗೆ ಇಪ್ಪತ್ತಮೂರು ವರ್ಷ.
೨. ಅವನಿಗೆ ಬೈಪೋಲಾರ್ ಕಾಯಿಲೆ ಇದೆ: ಕೆಲವು ವಾರ ನಿದ್ರೆಯೇ ಬೇಡದ ಉನ್ಮಾದ, ಕೆಲವು ವಾರ ಹಾಸಿಗೆ ಬಿಟ್ಟೇಳಲಾಗದ ಖಿನ್ನತೆ.
೩. ಅವನು ಕುಡಿಯುತ್ತಾನೆ.
೪. ಎರಡೂ ಇರುವುದು ಒಬ್ಬನಿಗೇ. ಈ ನಾಲ್ಕನೆಯ ಸಂಗತಿ ತಮ್ಮ ಕಚೇರಿಗೆ ಇನ್ನೂ ತಲುಪಿದಂತಿಲ್ಲ.

ಹಾವೇರಿಯಲ್ಲಿ ತಮ್ಮ ಉಸ್ತುವಾರಿಯ ಮಾನಸಿಕ ಚಿಕಿತ್ಸೆಯ ಕೊಠಡಿಗೆ ಹೋದೆವು. ಅಲ್ಲಿನ ವೈದ್ಯರು ಒಂದು ತಿಂಗಳ ಗುಳಿಗೆ ಬರೆದುಕೊಟ್ಟು, "ಬಾಯಿ ವಾಸನಿ ಹೊಡ್ಯಾಕತ್ತೈತಲ್ರಿ. ಮೊದಲ ಕುಡಿಯೂದು ಬಿಡಿಸ್ಕೊಂಡು ಬರ್ರಿ, ಆಮ್ಯಾಲ ತಲಿ ನೋಡೂಣು" ಎಂದರು. ತಮ್ಮ ಅನುದಾನದಲ್ಲಿ ನಡೆಯುವ ರಾಣೆಬೆನ್ನೂರಿನ ವ್ಯಸನಮುಕ್ತಿ ಕೇಂದ್ರಕ್ಕೆ ಹೋದೆವು. "ತಲಿ ಗುಳಿಗಿ ತಗೊಳ್ಳೋವ್ರನ್ನ ನಾವು ಸೇರಿಸ್ಕೊಳ್ಳೂದಿಲ್ರಿ. ಮೊದಲ ಅದನ್ನ ಆರಾಮ ಮಾಡಿಸ್ರಿ" ಎಂದರು. ಹೀಗೆ ಆರು ಸಲ. ಏಳನೆಯ ಸಲ ಬಸ್ಸಿನಲ್ಲಿ ಮಗ ನಕ್ಕ: "ಅಪ್ಪಾ, ಗಂಟಲಾ ರಾಣೆಬೆನ್ನೂರಾಗ ಇಳಸು, ತಲಿ ಹಾವೇರಿಗೆ ಒಯ್ಯಿ. ಅರ್ಧಾ ಟಿಕೀಟ ಕೊಡ್ತಾರೇನ ಕೇಳು."

ನಾನು ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತಾರು ವರ್ಷ ಯಂತ್ರ ನೋಡಿಕೊಂಡವನು. ಕಂಪ್ರೆಸರಿನ ಎಣ್ಣೆಯೂ ಸೋರುತ್ತಿದೆ, ಮೋಟಾರೂ ಬಿಸಿಯಾಗುತ್ತಿದೆ ಎನ್ನಿ. "ಮೊದಲು ಸೋರಿಕೆ ನಿಲ್ಲಲಿ" ಎಂದು ನಾನು ಮನೆಗೆ ಹೋದರೆ ಮಾಲೀಕರು ನನ್ನನ್ನು ಉಳಿಸಿಕೊಳ್ಳುವರೇ? ಮೆಣಸಿನಕಾಯಿಗೆ ಸಿಗುವ ಕಾಳಜಿ ಮನುಷ್ಯನಿಗೂ ಸಿಗಲೆಂದು ಬಯಸುವುದು ದುರಾಸೆಯೇ?

ಇನ್ನು ನನ್ನ ತಪ್ಪು. ಸ್ಟೋರೇಜಿನ ದಾಖಲೆ ಪುಸ್ತಕದಲ್ಲಿ ಒಂದು ದಿನವೂ ಸುಳ್ಳು ಉಷ್ಣಾಂಶ ಬರೆಯದ ನಾನು, ವ್ಯಸನಮುಕ್ತಿ ಕೇಂದ್ರದ ಅರ್ಜಿಯಲ್ಲಿ "ಬೇರೆ ಕಾಯಿಲೆ" ಎಂಬಲ್ಲಿ "ಇಲ್ಲ" ಎಂದು ಬರೆದೆ. ಗುಳಿಗೆಗಳನ್ನು ವಿಟಮಿನ್ ಡಬ್ಬಿಗೆ ತುಂಬಿ ಮಗನ ಚೀಲದಲ್ಲಿಟ್ಟೆ. ಅಂದು ಅರ್ಜಿ ತೆಗೆದುಕೊಂಡವರು ಹೊಸಬರು; ನಮ್ಮನ್ನು ಗುರುತಿಸದೆ ಸೇರಿಸಿಕೊಂಡರು. ಹೊರಗಿನ ಯಾವ ಗುಳಿಗೆಯೂ ಒಳಗೆ ಬರಬಾರದೆಂಬ ನಿಯಮದಂತೆ ಅವರು ಮೊದಲ ದಿನವೇ ಡಬ್ಬಿಯನ್ನು ತೆಗೆದಿಟ್ಟರು. ಹನ್ನೊಂದನೆಯ ದಿನ ಮಧ್ಯಾಹ್ನ ಅಲ್ಲಿನ ಅಡುಗೆಯ ಅಕ್ಬರಬಿ ಫೋನ್ ಮಾಡಿದರು: "ನಿಮ್ಮ ಹುಡುಗ ಐದ ದಿನಾತ್ರಿ, ಕಣ್ಣ ಮುಚ್ಚಿಲ್ಲ. ಎಲ್ಲಾರ ಬಟ್ಟಿ-ಅರಬಿ ತಾನ ಒಗದಾನ. ಈಗ ನೀರಿನ ಟಾಕಿ ಹತ್ತಿ, ಹಾರ್ತೇನಿ, ನನಗ ಏನೂ ಆಗೂದಿಲ್ಲ ಅನ್ನಾಕತ್ತಾನ. ಲಗೂ ಬರ್ರಿ ಸಾಹೇಬ್ರ."

ಓಡಿಹೋಗಿ ನಾನೂ ಟಾಕಿ ಹತ್ತಿ ಅವನ ಪಕ್ಕ ಕುಳಿತೆ. ಎರಡು ಗಂಟೆಯ ಬಳಿಕ ಇಳಿದ. ಆ ಎರಡು ಗಂಟೆಯ ವಿವರ ತಮಗೆ ಅನಗತ್ಯ.

ಕೇಂದ್ರದವರು ಅಂದೇ ಅವನನ್ನು ಬಿಡುಗಡೆ ಮಾಡಿದರು. ಕಾರಣ: "ಮಾನಸಿಕ ತೊಂದರೆ ಕಂಡುಬಂದಿದೆ." ಅವರ ವೀಕ್ಷಣಾ ಸಾಮರ್ಥ್ಯಕ್ಕೆ ಅಭಿನಂದನೆಗಳು. ಹಾವೇರಿಯಲ್ಲಿ ಆ ಕಾಗದ ತೋರಿಸಿದೆ. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಕುಡಿಯೂದು ಬಿಟ್ಟಾನೇನ್ರಿ?"

ನನ್ನ ಬೇಡಿಕೆ ದೊಡ್ಡದಲ್ಲ. ವಾರಕ್ಕೊಂದು ದಿನ ಒಂದೇ ಕೊಠಡಿ, ಒಂದೇ ಕಡತ, ಎರಡೂ ಕಾಯಿಲೆಗೆ ಜೊತೆಯಲ್ಲೇ ಚಿಕಿತ್ಸೆ. ಹೊಸ ಕಟ್ಟಡ ಬೇಡ. ಉದ್ಘಾಟನೆಗೆ ಅವಕಾಶವಿಲ್ಲವೆಂಬುದೊಂದೇ ಇದರ ಕೊರತೆ. ಇಂಥ ಮಕ್ಕಳ ಇನ್ನೂ ನಾಲ್ವರು ತಂದೆತಾಯಂದಿರು ಚಿಕಿತ್ಸೆಗೆ ಕಾಯುವ ಸಾಲಿನಲ್ಲಿ ನನಗೆ ಪರಿಚಯವಾಗಿದ್ದಾರೆ.

ಈ ಪತ್ರದಲ್ಲಿ ಮಗನ ಹೆಸರು ಬರೆದದ್ದು ಅವನ ಒಪ್ಪಿಗೆಯಿಂದ. ಇನ್ನು ಮುಂದೆ ಯಾವ ಕಾಗದದಲ್ಲೂ ಅವನ ಯಾವ ಕಾಯಿಲೆಯನ್ನೂ ಮುಚ್ಚಿಡುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಸೋಮವಾರ ಹತ್ತು ಗಂಟೆಗೆ ಅವನನ್ನು ತಮ್ಮ ಕಚೇರಿಗೇ ಕರೆತರುತ್ತೇನೆ. ಚಿಕಿತ್ಸೆ ಎಲ್ಲಿ ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗುವವರೆಗೆ ಅಲ್ಲಿಂದ ಏಳುವುದಿಲ್ಲ.

ಇಂತಿ,
ಎರಡೂ ಊರಿನ ಸಾಲುಗಳಲ್ಲಿ ನಿಂತು ಪಳಗಿದ,
ಚಂದ್ರಶೇಖರ
ಬ್ಯಾಡಗಿ