ಅಜ್ಜಿಗೆ ಮಾತ್ರ ಓದುವ ಮಗಳು

ನವೆಂಬರ್ ಎಂಟು, ಶನಿವಾರ. ಮಗಳು ನನ್ನೆದುರು ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದಾಳೆ. ಬೆಳಗಿನಿಂದ ಅದೇ ತಲೆ ತಿನ್ನುತ್ತಿತ್ತು. ಮಲಗುವ ಮುಂಚೆ ಫೋನಿನಲ್ಲಿ ರೆಕಾರ್ಡ್ ಒತ್ತಿ ಹೇಳಿಕೊಂಡರೆ ನಿದ್ದೆಯಾದರೂ ಬಂದೀತು.

ಪ್ರೆಸ್ಸಿನಲ್ಲಿ ನನ್ನ ಕೆಲಸವೇ ಪ್ರೂಫ್ ನೋಡಿ ತಪ್ಪು ತಿದ್ದುವುದು. ಮನೆಗೆ ಬಂದರೂ ಬಾಯಿ ಸುಮ್ಮನಿರುವುದಿಲ್ಲ. ಎಂಟು ವರ್ಷದ ಹುಡುಗಿ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಮೂರು ಸಲ ತಡೆದಿರುತ್ತೇನೆ.

ಸಂಜೆ ನೋಡಿದರೆ ಅಜ್ಜಿಯ ಮಂಚದ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದಾಳೆ. ನಮ್ಮಮ್ಮನಿಗೆ ಕಿವಿ ಅಷ್ಟಕ್ಕಷ್ಟೇ. ಕಿವಿಯ ಮೆಷಿನ್ನನ್ನೂ ತೆಗೆದಿಟ್ಟು ಹೂಂ ಹೂಂ ಅನ್ನುತ್ತಿದ್ದಳು.

"ನಾನೂ ಕೂತ್ಕೊಳ್ಲಾ?" ಅಂದೆ.

"ಬಾಯಿ ಮುಚ್ಕೊಂಡಿರ್ತೀಯಾ ಅಪ್ಪ?"

"ಇವನಾ? ಹುಟ್ಟಿದಾಗಿಂದ ಮುಚ್ಚಿಲ್ಲ," ಅಂದಳು ಅಮ್ಮ. ಇದು ಮಾತ್ರ ಹೇಗೆ ಕೇಳಿಸಿತೋ!

ಕೂತೆ. ಮೊದಲ ಪುಟದಲ್ಲೇ ಎರಡು ತಪ್ಪು. ನಾಲಿಗೆ ಕಚ್ಚಿಕೊಂಡೆ. ಆಮೇಲೆ ಮಗಳು ಕಷ್ಟದ ಸಾಲುಗಳನ್ನೆಲ್ಲ ಹಾರಿಸಿ, ಚಿತ್ರ ನೋಡಿಕೊಂಡು ತಾನೇ ಕಥೆ ಕಟ್ಟತೊಡಗಿದಳು. ಪುಸ್ತಕದ ಆನೆ ದೋಣಿ ಹತ್ತಿ ಹೊಳೆ ದಾಟುತ್ತದೆ. ಇವಳ ಆನೆ ದೋಣಿಯನ್ನೇ ತಲೆ ಮೇಲೆ ಹೊತ್ತುಕೊಂಡು ನೀರಿಗಿಳಿಯಿತು. ಅಲ್ಲಿಗೆ ನಿಲ್ಲಿಸಿದಳು.

"ಆಮೇಲೆ?" ಬಾಯಿ ತಪ್ಪಿ ಬಂತು.

ಗುರಾಯಿಸಿದಳು. "ತಪ್ಪು ಹೇಳಿದ್ನಾ?"

"ಇಲ್ಲ ಪುಟ್ಟಿ. ಆಮೇಲೇನಾಯ್ತು ಅಂತ ನಂಗೆ ಗೊತ್ತಿಲ್ಲ, ಅದಕ್ಕೆ ಕೇಳ್ದೆ."

ನನ್ನ ಮುಖವನ್ನೇ ನೋಡಿದಳು. ಮೆಲ್ಲಗೆ ನನ್ನ ಕಡೆ ಸರಿದು, ಪುಸ್ತಕವನ್ನು ನನಗೂ ಕಾಣುವಂತೆ ಹಿಡಿದಳು.

"ತಡಿ, ಇಲ್ಲೇನು ಬರ್ದಿದಾರೆ ನೋಡೋಣ," ಅಂತ ಹಾರಿಸಿದ್ದ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಎಷ್ಟು ಹೊತ್ತು ಹಿಡಿಯಿತೋ. ನಾನಂತೂ ತುಟಿ ಪಿಟಕ್ಕೆನ್ನಲಿಲ್ಲ. ಆ ಸಾಲು ಮುಗಿದಾಗ ಅವಳು... ಅಯ್ಯೋ, ನನಗೆ ಆಕಳಿಕೆ ಬಂತು. ನಿದ್ದೆ ಬಂದೇಬಿಟ್ಟಿತು, ಉಳಿದದ್ದು ನಾಳೆ.