ಆಯಿಯ ಮುಂದೆ ಕೈಕಟ್ಟಿ ನಿಂತ ಮಗಳು

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ನನ್ನ ಮಗಳು ಶೇಖವ್ವನ ಆಯಿ, ತಮ್ಮ ಪುಸ್ತಕದ ಪ್ರಕಾರ ಅಜ್ಜಿ, ತೀರಿಕೊಂಡು ತಿಂಗಳುಗಳಾದವು. ಹುಡುಗಿ ಇನ್ನೂ ಅತ್ತಿಲ್ಲ. ಅವಳ ಅಳುವನ್ನು ಕಸಿದುಕೊಂಡವರು ತಾವು. ಮಾತು ಒರಟಾಯಿತೆ? ಭಾಷೆಯನ್ನಾದರೂ ಶುದ್ಧವಾಗಿಟ್ಟಿದ್ದೇನೆ, ನೋಡಿಕೊಳ್ಳಿ.

೧೯೮೭ರ ಮಳೆಗಾಲದಲ್ಲಿ ತಾವು ನಮ್ಮೂರ ಶಾಲೆಗೆ ಬಂದಿರಿ. ನಾಲ್ಕನೆಯ ತರಗತಿಯ ಈ ಹುಡುಗಿಯನ್ನು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಿರಿ. "ಆಯಿ ಅದಾಳ್ರಿ, ಹೊಲಕ್ಕ ಹೋಗ್ಯಾಳ್ರಿ" ಎಂದಳು. ಅದು ಕನ್ನಡವೇ ಅಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದಿರಿ. ಇಡೀ ತರಗತಿ ನಕ್ಕಿತು. ಮಕ್ಕಳು ಮನೆಯಲ್ಲೂ ಪುಸ್ತಕದ ಮಾತನ್ನೇ ಆಡಬೇಕು, ಆಡದವರ ಮೇಲೆ ಉಳಿದವರು ದೂರು ಹೇಳಬೇಕು ಎಂದು ಗುರುಗಳಿಗೆ ಅಪ್ಪಣೆ ಕೊಟ್ಟು ಜೀಪು ಹತ್ತಿದಿರಿ. ಎಂಥ ಭಾಷಾಸೇವೆ! ಅಂದಿನಿಂದ ನನ್ನ ಮಗಳು ಬಾಯಿ ತೆರೆಯುವ ಮೊದಲು ಬಾಗಿಲು ನೋಡುತ್ತಾಳೆ.

ನಮ್ಮಲ್ಲಿ ಸತ್ತವರನ್ನು ಹಾಡ್ಯಾಡಿ ಅಳಬೇಕು. ಅವರು ಉಣಿಸಿದ್ದು, ಬೈದದ್ದು, ಎಲ್ಲವನ್ನೂ ಹೆಣದ ಮುಂದೆ ಕೂತು ರಾಗ ತೆಗೆದು ಹೇಳಬೇಕು. ನನ್ನ ತಾಯಿ ಹೊನ್ನವ್ವ ಮೊಮ್ಮಗಳ ತಲೆ ಬಾಚುತ್ತ ಅದನ್ನು ಕಲಿಸಿದ್ದಳು. "ನಾ ಸತ್ತರ ನೀನ ಅಳಬೇಕವಾ. ನೀ ಅತ್ತರ ನಾ ಹಗೂರಾಗಿ ಹೋಗ್ತೀನಿ." ಇವಳು ನಗುತ್ತಿದ್ದಳು: "ಅಳ್ತೀನಿ ತಗೋ, ಆಯಿ."

ಆ ದಿನ ಬಂತು. ನಮ್ಮ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆವು. ಹಲಗೇರಿಯಿಂದ ಬಂದ ನನ್ನ ಅಕ್ಕ ರೇಣುಕವ್ವ, "ಬಾ ಯವ್ವಾ, ಆಯಿ ನಿನ್ನ ದಾರಿ ನೋಡಾಕತ್ತಾಳ" ಎಂದು ಕರೆದಳು. ಶೇಖವ್ವ ಹತ್ತಿರ ಕೂತು ಬಾಗಿಲು ನೋಡಿದಳು. ಅಲ್ಲಿ ಶಾಲೆಯ ಗುರುಗಳು ಹೂವಿನ ಹಾರ ಹಿಡಿದು ನಿಂತಿದ್ದರು. ಅವಳು ಎದ್ದು, ಕೈಕಟ್ಟಿ, "ಅಜ್ಜಿಯವರು ನಮ್ಮನ್ನು ಅಗಲಿದ್ದಾರೆ" ಎಂದು ಪಾಠದಂತೆ ಒಪ್ಪಿಸಿದಳು. ಅಳುತ್ತಿದ್ದ ಹೆಂಗಸರೆಲ್ಲ ಮುಖದಿಂದ ಸೆರಗು ಇಳಿಸಿ ಅವಳನ್ನೇ ನೋಡಿದರು. ತಪ್ಪಿಲ್ಲದ ವಾಕ್ಯವಲ್ಲವೇ, ಸ್ವಾಮಿ? ಎಷ್ಟು ಅಂಕ ಕೊಡುತ್ತೀರಿ?

ಈಗ ದೀಪ ಹಚ್ಚುವ ಹೊತ್ತಾದರೆ ಅವಳು ಆ ಗೋಡೆಯ ಕಡೆ ಹೋಗುವುದಿಲ್ಲ. "ಅಪ್ಪಾ, ಆಯಿ ಅಲ್ಲೇ ಕುಂತಾಳ. ಯಾರವಾ ನೀ ಅಂತ ಕೇಳ್ತಾಳ" ಎಂದು ಪಿಸುಗುಡುತ್ತಾಳೆ, ಅದನ್ನೂ ಬಾಗಿಲು ನೋಡಿಕೊಂಡು. ನಾನು ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ದುಡಿಯುವವನು, ದೆವ್ವ ಭೂತ ನಂಬಿದವನಲ್ಲ. ಆದರೂ ಆ ಗೋಡೆಗೆ ಬೆನ್ನು ಹಾಕಿ ಉಣ್ಣಲು ನನಗೂ ಭಯವಾಗುತ್ತದೆ.

ತಾವು ಆ ಅಪ್ಪಣೆಯನ್ನು ಹಿಂದಕ್ಕೆ ಪಡೆಯಬೇಕು. ಸುತ್ತೋಲೆ ಬೇಡ. ನಮ್ಮ ಮನೆಗೆ ಬಂದು, ಆ ಗೋಡೆಯ ಮುಂದೆ ನನ್ನ ಮಗಳ ಪಕ್ಕ ಕೂತು, "ಅಳವಾ" ಎನ್ನಿ. ನಮ್ಮ ಮಾತು ಬಾರದಿದ್ದರೆ ಕಲಿಸುತ್ತೇವೆ. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ.

ಇಂತಿ,
ಹೆತ್ತವ್ವನನ್ನು ಇನ್ನೂ ಕಳಿಸಿಕೊಡಲಾಗದ
ಅಂಜಿನಪ್ಪ