ಮೂರು ಹತ್ತಕ್ಕೆ ಮೊಳಗಿದ ಸೈರನ್

ಪ್ರವಾಹ ಮುನ್ನೆಚ್ಚರಿಕೆ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಾಲ್ಕು ವರ್ಷದ ಹಿಂದೆ ಹೊಳೆ ಊರೊಳಗೆ ಬಂದ ದಿನ ಮಧ್ಯಾಹ್ನ ಮೂರು ಹತ್ತಕ್ಕೆ ಸೈರನ್ ಮೊಳಗಿತೆಂದೂ, ನಾಗರಿಕರು ಸಕಾಲದಲ್ಲಿ ಸ್ಪಂದಿಸಲಿಲ್ಲವೆಂದೂ ನಿಮ್ಮ ವರದಿ ಹೇಳುತ್ತದೆ. ಸೈರನ್ ಮೊಳಗಲೇ ಇಲ್ಲ ಎಂದು ಕಳೆದ ವಾರ ನಾನು ತರಗತಿಯಲ್ಲಿ ಹೇಳಿದೆ. ಅದಕ್ಕೆ ಹತ್ತಕ್ಕೆ ನಾಲ್ಕು ಅಂಕ ಬಂತು. ಅಂಕದ ಬಗ್ಗೆ ನನ್ನ ತಕರಾರಿಲ್ಲ. ಎರಡೆರಡು ತಕರಾರು ಹೊರುವಷ್ಟು ಉಸಿರು ಉಳಿದಿಲ್ಲ. ತಕರಾರಿರುವುದು ವರದಿಯ ಬಗ್ಗೆ.

ನಮಗೆ ಕೊಟ್ಟ ವಿಷಯ ಪ್ರಕೃತಿ ವಿಕೋಪ. ಜೊತೆಯವರು ಜಾಣರು, ಜ್ವಾಲಾಮುಖಿಯನ್ನೋ ಸುನಾಮಿಯನ್ನೋ ಆರಿಸಿಕೊಂಡರು. ದೂರದ ಸಾವಿಗೆ ಒಳ್ಳೆಯ ಚಿತ್ರಗಳು ಸಿಗುತ್ತವೆ. ನಾನು ನಮ್ಮ ಬೀದಿಯನ್ನು ಆರಿಸಿಕೊಂಡೆ. ಏಳನೆಯ ಸ್ಲೈಡಿನಲ್ಲಿ ನನ್ನ ಅತ್ತೆಯ ಹೊಲಿಗೆ ಯಂತ್ರವಿತ್ತು. ಅತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. "ಸೈರನ್ ಕೇಳಿದ ಕೂಡಲೇ ಹೊರಡಿ, ಅದಕ್ಕೆ ಮುಂಚೆ ಗಾಬರಿಯಾಗಬೇಡಿ" ಎಂಬ ನಿಮ್ಮ ಕರಪತ್ರವನ್ನು ಗೋಡೆಗೆ ಅಂಟಿಸಿದವರು ಅವರೇ. ಆ ದಿನ ನನ್ನನ್ನು ಮಹಡಿಗೆ ಕಳಿಸಿ, "ನೀನು ಹೋಗಿರು, ಗಿರಾಕಿಗಳ ಬಟ್ಟೆ ಮೇಲಿಟ್ಟು ಬರ್ತೀನಿ. ಮೆಷಿನ್ ನಿಲ್ಸಿದೀನಿ, ಇಲ್ದಿದ್ರೆ ಸೈರನ್ ಕೇಳ್ಸಲ್ಲ" ಎಂದರು. ಮೆಟ್ಟಿಲ ಮೇಲೆ ಕೂತು ನಾನೂ ಕಿವಿಗೊಟ್ಟೆ. ಆ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ನೀರು ಬಂತು. ಕೆಳಗಿನ ಬಾಗಿಲನ್ನು ಯಾರಿಗೂ ತೆರೆಯಲಾಗಲಿಲ್ಲ.

"ನಿಮ್ಮಲ್ಲಿ ಯಾರಾದ್ರೂ ಅವತ್ತು ಸೈರನ್ ಕೇಳಿದೀರಾ?" ಎಂದು ತರಗತಿಯನ್ನು ಕೇಳಿದೆ. ಮೂವತ್ತೆಂಟು ಜನರಲ್ಲಿ ಒಂದು ಕೈಯೂ ಏಳಲಿಲ್ಲ. ಮೇಷ್ಟ್ರೂ ಎತ್ತಲಿಲ್ಲ. ಆಮೇಲೆ ಕಾರಿಡಾರಿನಲ್ಲಿ ಅವರು ಮೆಲ್ಲಗೆ, "ನಂಗೂ ಕೇಳಿಸ್ಲಿಲ್ಲಮ್ಮ. ಆದ್ರೆ ಆಧಾರ ಅಂತ ವರದೀನೇ ನೋಡ್ಬೇಕು, ನಾನೇನ್ ಮಾಡ್ಲಿ?" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಮನೆಯೂ ಹೊಳೆಯ ಕಡೆಗೇ ಇದೆ.

ಹಾಗಾದರೆ ಮಾನ್ಯರೇ, ನೀವು ಕಿನ್ನರಿ ಬಾರಿಸಿದ್ದೂ ನಿಜ, ಇಡೀ ಊರು ಕಿವುಡಾಗಿದ್ದೂ ನಿಜವೇ? ಸೈರನ್ ಕೆಟ್ಟಿತ್ತು ಎಂದು ಒಂದು ಸಾಲು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ಕೆಟ್ಟಿಲ್ಲದ್ದನ್ನು ರಿಪೇರಿ ಮಾಡುವವರಾದರೂ ಯಾರು? ನೀರಿನ ಟ್ಯಾಂಕಿನ ಮೇಲೆ ಅದು ಹಾಗೆಯೇ ಕೂತಿದೆ. ಅತ್ತೆಯ ಕೋಣೆಯಲ್ಲಿ ಈಗ ಅಮ್ಮ ಹೊಲಿಯುತ್ತಾಳೆ. ಮೋಡ ಕವಿದರೆ ಮೆಷಿನ್ ನಿಲ್ಲಿಸುತ್ತಾಳೆ.

ನನ್ನ ಬೇಡಿಕೆ ಸಣ್ಣದು. ಊರಿಗೆಲ್ಲ ಮೊದಲೇ ತಿಳಿಸಿ, ಬರುವ ಸೋಮವಾರ ಮೂರು ಹತ್ತಕ್ಕೆ ಆ ಸೈರನ್ನನ್ನು ಒಂದು ನಿಮಿಷ ಮೊಳಗಿಸಿ. ಅಷ್ಟರೊಳಗೆ ಗುಟ್ಟಾಗಿ ರಿಪೇರಿ ಮಾಡಿಸಿದರೂ ಆದೀತು. ಆ ಸೋಲಿಗೆ ನಾನು ಸಿದ್ಧ. ಕೇಳಿಸಿದರೆ ತರಗತಿಯ ಮುಂದೆ ನಿಂತು ನಿಮ್ಮ ಕ್ಷಮೆ ಕೇಳುತ್ತೇನೆ. ಕೇಳಿಸದಿದ್ದರೆ ನಿಮ್ಮ ವರದಿಯಲ್ಲಿ ಒಂದೇ ಒಂದು ಸಾಲು ತಿದ್ದಿ: ನಾಗರಿಕರು ಸ್ಪಂದಿಸಲಿಲ್ಲ ಎಂಬುದನ್ನು ಹೊಡೆದು, ಅತ್ತೆ ಕಾಯುತ್ತಿದ್ದರು ಎಂದು ಬರೆಯಿರಿ.

ಇಂತಿ,
ಸೋಮವಾರ ಮೆಷಿನ್ ನಿಲ್ಲಿಸಿ ಕೂತಿರುವ,
ಹತ್ತಕ್ಕೆ ನಾಲ್ಕರ ವಿದ್ಯಾರ್ಥಿನಿ